ಸವತಿಯನ್ನು ಇಳಿಸಿದ ದಿನ

ಮ್ಯಾನೇಜರು ಮತ್ತೊಮ್ಮೆ ಬಾಗಿಲಾಚೆ ಹೋಗಿ ಮೊಬೈಲಿನಲ್ಲಿ ಪಿಸುಗುಟ್ಟಿ ಬಂದು, ಈ ಸಲ ಅವಳ ಪಕ್ಕದ ಕುರ್ಚಿಯಲ್ಲೇ ಕೂತರು. ಎದುರಿಗೆ ಮಂಚದ ಮೇಲೆ ಅವಳ ಗಂಡನ ದೇಹವನ್ನು ಮಲಗಿಸಿದ್ದರು. ಗಾಯವಾಗಿದ್ದ ಕೆನ್ನೆ ಗೋಡೆಯ ಕಡೆಗಿತ್ತು.

"ಈ ಹೊತ್ತಲ್ಲಿ ಕೇಳಬಾರದು," ಎಂದರು.

"ಕೇಳಿ."

"ನಿನ್ನೆ ಬೆಳಿಗ್ಗೆಯಿಂದ ಆಫೀಸಲ್ಲಿ ಒಂದು ಫೋನೂ ಕೆಲಸ ಮಾಡ್ತಿಲ್ಲ. ದಾರೀಲಿರೋ ಡ್ರೈವರುಗಳೆಲ್ಲ ನನ್ನ ಮೊಬೈಲಿಗೇ ಮಾಡ್ತಿದಾರೆ. ಇವರು ದಿನಾ ಬೆಳಿಗ್ಗೆ ಬಂದು ಆ ಹಳೇ ಫೋನ್ ಸರ್ವರಿಗೆ ಏನೋ ಮಾಡ್ತಿದ್ರಂತೆ, ವಾಚ್‌ಮನ್ ಹೇಳಿದ. ನಿಮಗೇನಾದ್ರೂ ಗೊತ್ತಾ?"

ಯಾವ ಸ್ವಿಚ್ಚನ್ನು ಮೊದಲು ಆರಿಸಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ಕಾರ್ಡನ್ನು ಹೊರಗೆಳೆದು ಮತ್ತೆ ಒತ್ತಬೇಕು, ಎಲ್ಲವೂ ಅವಳಿಗೆ ಗೊತ್ತಿತ್ತು.

"ಗೊತ್ತು," ಎಂದಳು. "ಹೇಳಲ್ಲ."

*

ಮದುವೆಯ ಹೊಸತರಲ್ಲಿ, ಬೆಳಕು ಹರಿಯುವ ಮುಂಚೆಯೇ ಹಾಸಿಗೆ ಬಿಟ್ಟು ಹೋಗುವ ಗಂಡನ ಹಿಂದೆ ಅವಳು ಒಂದು ದಿನ ಹಟ ಮಾಡಿ ಸ್ಕೂಟರ್ ಹತ್ತಿದ್ದಳು. ಲಾರಿ ಸಾಗಣೆ ಕಂಪನಿಯ ಮೂರನೆಯ ಮಹಡಿ. ಕಿಟಕಿಯಿಲ್ಲದ ಕೋಣೆಯಲ್ಲಿ ಅರ್ಧ ಬೀರುವಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಆಫೀಸಿನ ಅಷ್ಟೂ ಮೇಜುಗಳ ಫೋನು ಅದರ ಹೊಟ್ಟೆಯ ಮೂಲಕವೇ ಹೋಗಬೇಕು. ರಾತ್ರಿ ಕಳೆಯುವಷ್ಟರಲ್ಲಿ ಅದು ಸ್ತಬ್ಧವಾಗಿರುತ್ತಿತ್ತು. ಅವನು ಅದನ್ನು ಆರಿಸಿ, ಕಾದು, ಕಾರ್ಡು ಒತ್ತಿ, ಹೊತ್ತಿಸಿ, ಬದಿಗೆ ಅಂಗೈಯಿಂದ ಒಂದು ಏಟು ಬಿಟ್ಟ. ದೀಪಗಳು ಒಂದೊಂದಾಗಿ ಹಸಿರಾದವು.

"ಇವಳೇನಾ?" ಎಂದಿದ್ದಳು ಅವಳು.

"ಇವಳೇ. ಕೈಹಿಡಿದು ಎಬ್ಬಿಸಿದ್ರೇ ಏಳೋದು."

"ನಂಗಿಂತ ಮುಂಚಿನವಳು. ಸವತಿ ಅಂತಾನೂ ಅನ್ನೋ ಹಾಗಿಲ್ಲ, ಹಿರೀ ಹೆಂಡ್ತಿ."

ಅವನು ನಕ್ಕಿದ್ದ. ಮನೆಗೆ ಬಂದು ತಾಯಿಗೂ ಹೇಳಿದ್ದ. ಅಂದಿನಿಂದ ಅತ್ತೆಯೂ ಊಟಕ್ಕೆ ಬಡಿಸುವಾಗ ಕೇಳುತ್ತಿದ್ದರು: "ಸವತಿ ಆರೋಗ್ಯವಾಗಿದಾಳೇನೋ?"

*

ಹೊಸ ಸರ್ವರ್ ಬಂದೇ ಒಂದು ವರ್ಷವಾಗಿತ್ತು. ಹಳೆಯದರ ಬಿಡಿಭಾಗ ಗುಜರಿ ಅಂಗಡಿಯಲ್ಲೂ ಸಿಗದಾದ ಮೇಲೆ ಅವನೇ ಕಾಡಿ ಬೇಡಿ ತರಿಸಿದ್ದು. ಎಲ್ಲರ ನಂಬರುಗಳನ್ನು ತುಂಬಿ, ಪಕ್ಕದಲ್ಲೇ ಇಟ್ಟು ಸಿದ್ಧ ಮಾಡಿದ್ದ. ಹೊರಗಿನಿಂದ ಬರುವ ಲೈನನ್ನು ಹಳೆಯದರಿಂದ ಕಿತ್ತು ಹೊಸದಕ್ಕೆ ಹಾಕುವುದೊಂದು ಬಾಕಿ. ಮ್ಯಾನೇಜರು ಈ ವಾರ ಲೋಡು ಜಾಸ್ತಿ ಎಂದರು. ಆಮೇಲೆ, ನಡೀತಾ ಇದೆಯಲ್ಲ, ಯಾಕೆ ಸುಮ್ಮನೆ ಕೈ ಹಾಕೋದು ಎಂದರು.

"ಒಂದು ದಿನ ಹೋಗಬೇಡಿ," ಎಂದಿದ್ದಳು ಅವಳು. "ಸತ್ತು ಬೀಳಲಿ. ಆಗ ಗೊತ್ತಾಗುತ್ತೆ ಅವರಿಗೆ."

"ಲಾರಿ ಕೆಟ್ಟು ರಸ್ತೇಲಿ ನಿಂತೋನು ಫೋನ್ ಮಾಡ್ತಾನೆ ಕಣೇ. ನಮ್ಮ ಜಗಳ ಕಟ್ಕೊಂಡು ಅವನಿಗೇನು?"

"ಕೆಟ್ಟಿದ್ದು ಯಾರಿಗೂ ಕಾಣದ ಹಾಗೆ ನೋಡ್ಕೊಂಡಿದೀರಿ ರೀ. ಕಾಣದ್ದನ್ನ ಯಾರು ಬದಲಾಯಿಸ್ತಾರೆ?"

ಅವನು ಸ್ಕೂಟರಿನ ಕೀ ಹುಡುಕಿದ್ದ.

ನಿನ್ನೆಯೂ ಹಾಗೆಯೇ ಹೊರಟಿದ್ದ. ತಿರುವಿನಲ್ಲಿ ಯಾರೋ ಮರಳು ಚೆಲ್ಲಿದ್ದರು.

*

"ಇದೇನಮ್ಮಾ ಕಲ್ಲು ಮನಸ್ಸು," ಎಂದರು ಗಂಡನ ದೊಡ್ಡಮ್ಮ.

ಮ್ಯಾನೇಜರು ದನಿ ತಗ್ಗಿಸಿದರು. "ಡ್ರೈವರುಗಳ ಗತಿ ಏನು ಹೇಳಿ?"

"ಹೊಸದು ಪಕ್ಕದಲ್ಲೇ ಇದೆ. ಲೈನ್ ಅದಕ್ಕೆ ಹಾಕಿಸಿ."

"ಅವರೇ ಇಲ್ಲ. ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ತಾರೆ? ನೀವು ಹೇಳಿಕೊಟ್ರೆ ಸದ್ಯಕ್ಕೆ ಇವರು ದಿನಾ ಬೆಳಿಗ್ಗೆ ಬಂದು ಹಳೇದನ್ನ ಎಬ್ಬಿಸ್ತಾರೆ."

ಅವರು ತೋರಿಸಿದ್ದು ಬಾಗಿಲ ಬಳಿ ನಿಂತಿದ್ದ, ಗಂಡನ ಜೊತೆಯ ಟೆಕ್ನಿಷಿಯನ್ನನ್ನು. ದಪ್ಪ ಮೈಯ, ಮೆದು ಮಾತಿನ ಮನುಷ್ಯ. ಹೋದ ತಿಂಗಳಷ್ಟೇ ಅವನಿಗೆ ಹೆಣ್ಣುಮಗು ಹುಟ್ಟಿತ್ತು. ಅವನೂ ಸ್ಕೂಟರಿನಲ್ಲೇ ಓಡಾಡುತ್ತಿದ್ದ.

"ನಿಮ್ಮ ಕೈಲಿ ಆಗುತ್ತಾ?" ಎಂದು ಅವಳು ಅವನನ್ನೇ ಕೇಳಿದಳು. "ಹೊಸದಕ್ಕೆ ಹಾಕೋದು?"

"ಅಣ್ಣ ಎಲ್ಲಾ ಮಾಡಿಟ್ಟಿದಾರೆ ಅತ್ತಿಗೆ. ಈ ಕಡೆ ಕಿತ್ತು ಆ ಕಡೆ ಹಾಕೋದು. ಒಬ್ಬನೇ ಮಾಡಿಲ್ಲ, ಅಷ್ಟೇ."

"ನಾನೂ ಬರ್ತೀನಿ."

"ಹೆಣ ಮನೇಲಿಟ್ಕೊಂಡು ಆಫೀಸಿಗೆ ಹೊರಟಳಂತೆ," ಎಂದರು ದೊಡ್ಡಮ್ಮ, ಯಾರಿಗೂ ಅಲ್ಲದ ಹಾಗೆ.

ಮಗನ ಪಾದ ಹಿಡಿದು ಕೂತಿದ್ದ ಅತ್ತೆ ತಲೆಯೆತ್ತಿದರು. "ಹೋಗಿ ಬರಲಿ ಬಿಡಕ್ಕಾ. ಇವತ್ತು ಇವನೇನೂ ಎದ್ದು ಹೋಗಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, "ಆ ಸವತೀನ ಮನೆ ಬಿಡಿಸಿಯೇ ಬಾ," ಎಂದರು.

ಮ್ಯಾನೇಜರ ಮೊಬೈಲು ಮತ್ತೆ ಅದುರಿತು. ಅವರು ಅದನ್ನು ನೋಡಿ, ಮಂಚವನ್ನು ನೋಡಿ, ಎದ್ದರು. "ನಡೀರಿ," ಎಂದರು.

*

ಆಫೀಸಿನ ಆ ಕೋಣೆಯ ಕೀಲಿ ಗಂಡನ ಗೊಂಚಲಿನಲ್ಲಿತ್ತು. ಅವಳೇ ತೆರೆದಳು. ಟೆಕ್ನಿಷಿಯನ್ ಮಂಡಿಯೂರಿ ಹಳೆಯದರ ಬೆನ್ನಿನಿಂದ ಲೈನು ಕಿತ್ತು, ಹೊಸದಕ್ಕೆ ಹಾಕಿ, ತನ್ನ ಮೊಬೈಲಿನಿಂದ ಆಫೀಸಿನ ನಂಬರ್ ಒತ್ತಿದ. ಏನೂ ಕೇಳಿಸಲಿಲ್ಲ.

"ನೋಡಿದ್ರಾ," ಎಂದರು ಮ್ಯಾನೇಜರು. "ನಾನು ಬಡ್ಕೊಂಡೆ. ಹಳೇದನ್ನ ಎಬ್ಬಿಸೋದು ಹೇಳಿಬಿಡಿ, ಕೈ ಮುಗೀತೀನಿ."

ಟೆಕ್ನಿಷಿಯನ್ ಅವಳ ಮುಖ ನೋಡಿದ. ಅವನ ಹಣೆಯ ಬೆವರು ಹುಬ್ಬಿಗಿಳಿದಿತ್ತು.

"ಇನ್ನೊಂದು ಸಲ ಹಾಕಿ," ಎಂದಳು.

ಅವನು ಕಿತ್ತು, ತುದಿಯನ್ನು ಒರೆಸಿ, ಟಕ್ಕೆನ್ನುವವರೆಗೆ ಒತ್ತಿದ. ಮತ್ತೆ ನಂಬರ್ ಒತ್ತುವ ಮೊದಲೇ ತೆರೆದ ಬಾಗಿಲಾಚೆ ರಿಸೆಪ್ಷನಿಸ್ಟ್ ಹುಡುಗಿಯ ಮೇಜಿನ ಫೋನು ಬಡಿದುಕೊಂಡಿತು. ಹುಡುಗಿ ಎತ್ತಿದಳು. ಆ ಕಡೆಯ ಗಂಟಲು ಎಷ್ಟು ದೊಡ್ಡದಿತ್ತೆಂದರೆ ಕೋಣೆಯೊಳಗಿದ್ದವರಿಗೂ ಕೇಳಿಸಿತು.

"ಯಾರ್ರೀ ಅದು? ಬದುಕಿದೀರಾ ಅಂತೂ? ನಿನ್ನೆಯಿಂದ ಟೈರ್ ಸಿಡಿದು ಕೂತಿದೀನಿ, ಲೋಡಲ್ಲಿರೋ ಟೊಮೇಟೋನೇ ತಿಂತಿದೀನಿ."

ರಿಸೆಪ್ಷನಿಸ್ಟ್ ಅಳುತ್ತಲೇ ನಕ್ಕು, "ಎಲ್ಲಿದೀರಿ ಹೇಳಿ ಅಣ್ಣಾ," ಎಂದಳು. ಅಷ್ಟರಲ್ಲಿ ಪಕ್ಕದ ಮೇಜಿನದೂ ಬಡಿಯತೊಡಗಿತು.

ಮ್ಯಾನೇಜರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಸದ್ಯ. ಇನ್ನು ಹೊರಡೋಣ. ಹಳೇದು ಇಲ್ಲೇ ಇರಲಿ, ಯಾವುದಕ್ಕೂ ಇರಲಿ."

"ಇದ್ರೆ ನಾಡಿದ್ದು ಬೆಳಿಗ್ಗೆ ಇವರನ್ನ ಕರೀತೀರಿ," ಎಂದಳು ಅವಳು. "ಇಳಿಸಿ."

"ಇವತ್ತೇನಾ?"

"ಈಗಲೇ."

ಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಟೆಕ್ನಿಷಿಯನ್, ವಾಚ್‌ಮನ್, ಲೆಕ್ಕದ ವಿಭಾಗದವನೊಬ್ಬ ಮೂರು ಮೂಲೆಗೆ ಬಗ್ಗಿದರು. ನಾಲ್ಕನೆಯ ಮೂಲೆಗೆ ಯಾರೂ ಇರಲಿಲ್ಲ. ಮ್ಯಾನೇಜರು ಒಂದು ಗಳಿಗೆ ನಿಂತು, ಅಂಗಿಯ ತೋಳು ಮಡಿಸಿ ತಾವೇ ಬಗ್ಗಿದರು. ಮೆಟ್ಟಿಲು ಇಕ್ಕಟ್ಟಾಗಿದ್ದರಿಂದ ಹೆಗಲಿಗೇರಿಸಬೇಕಾಯಿತು.

"ಮೆಲ್ಲಗೆ. ಕಾಲು ನೋಡ್ಕೊಂಡು."

"ಸಾರ್, ನಿಮ್ಮ ಕಡೆ ವಾಲ್ತಿದೆ."

"ಗೊತ್ತಾಗ್ತಿದೆ ಕಣಯ್ಯಾ. ಇದನ್ನ ಇಷ್ಟು ವರ್ಷ ಅವರೊಬ್ಬರೇ ಹೇಗೆ..." ಮ್ಯಾನೇಜರು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.

ಮೇಲೆ ಬರುತ್ತಿದ್ದವರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಒಬ್ಬ ಮುದುಕ, ಏನೆಂದು ತಿಳಿಯದೆ, ಟೋಪಿ ತೆಗೆದ. ಅವಳು ಖಾಲಿ ಕೋಣೆಗೆ ಬೀಗ ಹಾಕಿ ಅವರ ಹಿಂದೆಯೇ ಇಳಿದಳು.

ಅವರು ಮರಳುವಷ್ಟರಲ್ಲಿ ಮನೆಯ ಮುಂದೆ ಹೆಣದ ಗಾಡಿ ಬಂದು ನಿಂತಿತ್ತು. ಯಾರೂ ಕೈ ತೊಳೆಯಲು ಹೋಗಲಿಲ್ಲ. ಆ ನಾಲ್ವರೇ ಒಳಗೆ ಬಂದು, ಬಗ್ಗಿ, ಅವನನ್ನು ಎತ್ತಿಕೊಂಡರು. ನಾಲ್ಕು ಅಂಗಿಗಳ ಹೆಗಲ ಮೇಲೂ ಒಂದೊಂದು ಬೂದುಬಣ್ಣದ ಪಟ್ಟಿಯಿತ್ತು. ಅತ್ತೆ ಮ್ಯಾನೇಜರ ಬಿಳಿ ಅಂಗಿಯ ಧೂಳನ್ನು ಕೊಡವಲೆಂದು ಕೈಯೆತ್ತಿದರು. ಆಮೇಲೆ ಹಾಗೆಯೇ ಬಿಟ್ಟರು.