ಹೊಟ್ಟೆ ಬಿಟ್ಟ ಗೋಡೆ

ಮೇಲಿನ ಮನೆಯವರ ಮಣ್ಣು ನಮ್ಮ ಹಿತ್ತಿಲಿಗೆ ಜಾರದಂತೆ ಅಪ್ಪ ಸಿಮೆಂಟ್ ಬ್ಲಾಕಿನಲ್ಲಿ ಒಂದು ತಡೆಗೋಡೆ ಕಟ್ಟಿದ್ದ. ಅಪ್ಪನೂ ಮೇಸ್ತ್ರಿ, ನಾನೂ ಮೇಸ್ತ್ರಿ. ನಲವತ್ತು ವರ್ಷ ಅವನು ಕಟ್ಟಿದ ಗೋಡೆಗಳಲ್ಲಿ ಕೆಟ್ಟದ್ದು ಅದೊಂದೇ. ಬೇಸಿಗೆಯಲ್ಲಿ ಕಟ್ಟಿ ಮುಗಿಸಿ ದೂರದ ಕೆಲಸಕ್ಕೆ ಹೋಗಿದ್ದ. ಮಳೆಗಾಲ ಕಳೆದು ಬಂದು ನೋಡಿದರೆ ಗೋಡೆ ನಡುವೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು.

ಮೇಲಿನ ಮನೆಯವರು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಅಪ್ಪ ಕುಕ್ಕರಗಾಲಲ್ಲಿ ಕೂತು ಗೋಡೆಯ ಬುಡಕ್ಕೆ ಅಂಗೈ ಆಡಿಸಿದ. ಆಮೇಲೆ, "ನಂದೇ ತಪ್ಪು. ನೀರು ಇಳಿಯೋಕೆ ಹಿಂದ್ಗಡೆ ಜಲ್ಲಿ ತುಂಬೋದು ಮರ್ತುಬಿಟ್ಟೆ. ವಯಸ್ಸಾಯ್ತು ನೋಡಿ," ಎಂದ. ಮರದ ಆಸರೆ ಕೊಟ್ಟು ಗೋಡೆ ನಿಲ್ಲಿಸಿದೆವು. ಅವನನ್ನು ಮಾತ್ರ ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ನಾನೇನು ಸುಮ್ಮನಿದ್ದೆನೇ? ನನ್ನ ನಾಲಿಗೆಗೆ ಎಲುಬಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಅವನು ಹೇಳಿದರೂ ಸಾಕು, "ಮರ್ತಿರ್ಬೇಕು ಬಿಡಪ್ಪ, ನೀನು ಜಲ್ಲಿ ಮರ್ತ ಹಾಗೆ" ಎನ್ನುತ್ತಿದ್ದೆ. ಅವನೂ ನಗುತ್ತಿದ್ದ. ಒಂಬತ್ತು ವರ್ಷ ಹೀಗೆ ನಗಿಸಿದ್ದೇನೆ.

ಈ ವರ್ಷ ಆಸರೆಯ ಮರಕ್ಕೆ ಗೆದ್ದಲು ಹಿಡಿಯಿತು. ಗೋಡೆ ಬಿಚ್ಚಿ ಹೊಸದಾಗಿ ಕಟ್ಟಲು ನಾನು, ನನ್ನ ಹೆಂಡತಿ ಇಬ್ಬರೇ ನಿಂತೆವು. ಮೇಲಿನ ಎರಡು ಸಾಲು ತೆಗೆದಾಗ ಅವಳು ಬಗ್ಗಿ ನೋಡಿದಳು.

"ರೀ, ಮಾವ ಜಲ್ಲಿ ಹಾಕೇ ಇಲ್ಲ ಅಂತಿದ್ರಲ್ಲ? ಇದೇನು ಮತ್ತೆ?"

ಜಲ್ಲಿಯೇ. ಗೋಡೆ ಬಿಚ್ಚುತ್ತ ಹೋದಂತೆ ಮೇಲಿಂದ ಬುಡದವರೆಗೆ, ಒಂದಡಿ ದಪ್ಪಕ್ಕೆ. ಬುಡದಲ್ಲಿ ಮೂರು ಬ್ಲಾಕಿಗೊಂದರಂತೆ ನೀರು ಹರಿಯುವ ಕೊಳವೆ, ಹೊರಗಡೆಗೆ ಸರಿಯಾಗಿ ಇಳಿಜಾರು ವಾಟ ಕೊಟ್ಟು ಇಟ್ಟಿದ್ದ. ಒಂದು ಕೊಳವೆ ಎಳೆದು ತೆಗೆದೆ. ಬಾಯಿಗೆ ಎರಡು ಬೆರಳು ದಪ್ಪ ಗಾರೆ ತುಂಬಿತ್ತು. ಆ ಗಾರೆ ನನ್ನ ಕೈಯದು.

ಆಗ ನಾನು ಕೆಲಸ ಹಿಡಿದ ಹೊಸತು, ಬರೀ ಪ್ಲಾಸ್ಟರ್ ಕೆಲಸ. ಬಂದವರಿಗೆ ನನ್ನ ಕೈಚಳಕ ತೋರಿಸೋಣ ಎಂದು, ಅಪ್ಪ ಊರಲ್ಲಿಲ್ಲದಾಗ ಗೋಡೆಗೆ ಕನ್ನಡಿಯಂತೆ ಪ್ಲಾಸ್ಟರ್ ಮಾಡಿದ್ದೆ. ಕೊಳವೆಗಳಿಂದ ಕೆಂಪು ನೀರು ಇಳಿದು ಅಂದ ಕೆಡಿಸುತ್ತದೆ ಎಂದು ಅವುಗಳ ಬಾಯಿ ಮುಚ್ಚಿದ್ದೆ. ನೀರಿಗೆ ದಾರಿಯಿಲ್ಲದೆ ಗೋಡೆ ಉಬ್ಬಿದೆ. ಆಮೇಲೆ ಕೆಲಸ ಕಲಿತರೂ ಅನುಮಾನ ಬರಲಿಲ್ಲ. ಜಲ್ಲಿಯೇ ಇಲ್ಲ ಎಂದು ಕಟ್ಟಿದವನೇ ಹೇಳಿದ ಮೇಲೆ ಕೊಳವೆಯ ಯೋಚನೆ ಯಾರಿಗೆ?

ಅಪ್ಪನ ಕಾಲು ಹಿಡಿಯಬೇಕು, ತಪ್ಪು ನನ್ನದು ಎಂದು ಅವನಿಗೆ ಹೇಳಬೇಕು. ಆದರೆ ಅವನಿಗೀಗ ಮರೆವಿನ ಕಾಯಿಲೆ. ವಾರಕ್ಕೊಮ್ಮೆ ಬೆಳಗ್ಗೆ ನನ್ನನ್ನು ಗುರುತು ಹಿಡಿದರೆ ಹೆಚ್ಚು. ಮೂರು ದಿನ ಬೆಳಗ್ಗೆ ಅವನ ಮಂಚದ ಹತ್ತಿರ ಕೂತು ಕಾದೆ. ಮೂರು ದಿನವೂ, "ಯಾರು ಬೇಕಿತ್ತು?" ಎಂದು ನನ್ನನ್ನೇ ಕೇಳಿದ.

ನಾಲ್ಕನೆಯ ದಿನ ಹೊಸ ಗೋಡೆಯ ಎರಡನೇ ಸಾಲು ಕೂರಿಸುತ್ತಿದ್ದೆ. ಅಪ್ಪ ತಾನಾಗಿಯೇ ಹಿತ್ತಿಲಿಗೆ ಬಂದ. ಬ್ಲಾಕಿನ ಮೇಲೆ ಅಂಗೈ ಆಡಿಸಿ, "ಮಟ್ಟ ಚೆನ್ನಾಗಿದೆ," ಎಂದ. ಮಾತು ನೆಟ್ಟಗಿತ್ತು. ಇದೇ ಸಮಯ ಎಂದು ಆ ಕೊಳವೆ ತಂದು ಅವನ ಕೈಗೆ ಕೊಟ್ಟೆ.

"ಅಪ್ಪ, ಇದನ್ನ ನೋಡು..."

ನನ್ನ ಮಾತು ಮುಗಿಯಲಿಲ್ಲ. ಅವನು ಗಾರೆ ತುಂಬಿದ ಬಾಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಗಾಬರಿಯಿಂದ ಮನೆಯ ಕಡೆ ತಿರುಗಿ ನೋಡಿ, ನನ್ನ ಮುಂಗೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡ.

"ಮೇಸ್ತ್ರಿ, ನಿಮಗೆ ಕೈ ಮುಗೀತೀನಿ. ಇದನ್ನ ಯಾರಿಗೂ ತೋರಿಸ್ಬೇಡಿ. ನನ್ ಮಗ ಈಗಷ್ಟೇ ಕರಣೆ ಹಿಡಿದು ಕೆಲಸ ಶುರು ಮಾಡಿದಾನೆ. ಹೆಸರು ಕೆಟ್ರೆ ಯಾರು ಕರೀತಾರೆ ಅವನ್ನ? ನಂದೇನು, ಕಟ್ಟಿದ್ದಾಯ್ತು. ಜಲ್ಲಿ ಮರ್ತೆ ಅಂತ ನಾನೇ ಹೇಳಿದೀನಿ."

ಕೊಳವೆಯನ್ನು ನನ್ನ ಕೈಗೆ ವಾಪಸು ತುರುಕಿದ.

"ಅವನಿಗಂತೂ ಗೊತ್ತಾಗೋದೇ ಬೇಡ. ಗೊತ್ತಾದ್ರೆ ತಡ್ಕೊಳ್ಳಲ್ಲ ಅವನು. ಮಾತು ಕೊಡಿ."

ಕೈ ಬಿಡದೆ ನನ್ನ ಮುಖವನ್ನೇ ನೋಡುತ್ತಿದ್ದ.

"ಹೇಳಲ್ಲ," ಎಂದೆ.