ಸೂಡಿ ಕಟ್ಟಿದ ಕೋಲು

೧೯೫೮ರ ಮಳೆಗಾಲದಲ್ಲಿ, ಊರಿನ ಗೋಮಾಳದ ಅರ್ಧ ಭಾಗಕ್ಕೆ ದನ ಕುರಿ ಬಿಡಬಾರದೆಂದು ಚಾವಡಿಯಲ್ಲಿ ತೀರ್ಮಾನವಾಯಿತು. ಸಲಹೆ ಊರಿನ ಜಮೀನುದಾರ ಜಟ್ಟಪ್ಪಗೌಡರದು. ಹುಲ್ಲು ಬೀಜ ಉದುರಿಸಲಿ, ದೀಪಾವಳಿ ಕಳೆದ ಮೇಲೆ ಮೇಯಿಸಿದರೆ ಬೇಸಿಗೆಗೂ ಮೇವು ಉಳಿದೀತು ಎಂದರು. ಮಾತು ಸರಿಯಾಗಿಯೇ ಇತ್ತು. ದಾರಿಯುದ್ದಕ್ಕೂ, ತುದಿಗೆ ಹಿಡಿ ಹುಲ್ಲಿನ ಸೂಡಿ ಕಟ್ಟಿದ ಕೋಲುಗಳನ್ನು ನೆಟ್ಟರು. ಆ ಕೋಲು ಕಂಡಲ್ಲಿ ಹಿಂಡು ತಿರುಗಿಸುವುದು ಕುರಿಗಾರರಿಗೆ ಅಪ್ಪ ಅಜ್ಜನ ಕಾಲದ ಕಟ್ಟು.

ಕುರಿಗಾರ ಉಜ್ಜಪ್ಪ ಕಟ್ಟು ಮೀರಲಿಲ್ಲ. ಬದುಗಳ ಮೇಲೆ, ಕೆರೆಯ ಅಂಚಿನಲ್ಲಿ ಹಿಂಡನ್ನು ಅಲೆಸಿದ. ತಾಯಿಕುರಿಗಳಿಗೆ ಹಾಲು ಬತ್ತಿ ಮರಿಗಳು ಸತ್ತವು. ಹೆಂಡತಿ ತಾಯಮ್ಮ, "ಆ ಕಡಿ ಎದಿಮಟ ಹುಲ್ಲು ನಿಂತೈತಿ, ಇಲ್ಲಿ ಇವು ಮಣ್ಣು ನೆಕ್ತಾವು" ಎಂದಾಗಲೂ, "ದೀಪಾವಳಿ ಬರ್ಲಿ, ತಡಿ" ಎಂದ.

ಹಬ್ಬದ ಮರುದಿನ ಹಿಂಡು ಹೊಡೆದುಕೊಂಡು ಕೋಲು ದಾಟಿದ. ಎದೆಯೆತ್ತರದ ಹುಲ್ಲು ನಾಲ್ಕು ಮಾರಿಗೇ ಮುಗಿಯಿತು. ಅದರಾಚೆ ಉತ್ತ ನೆಲ. ಬೇರು ಮೇಲಾದ ಹೆಂಟೆಗಳು ಒಣಗಿ ಬಿದ್ದಿದ್ದವು. ದಾರಿಹೋಕರಿಗೆ ಕಾಣದಿರಲೆಂದು ಅಂಚಿನ ಹುಲ್ಲನ್ನಷ್ಟೇ ಬಿಟ್ಟಿದ್ದರು. ನೇಗಿಲು ಬಂದದ್ದು ಹಿಂಬದಿಯಿಂದ. ಅಲ್ಲಿದ್ದುದು ಗೌಡರ ಹೊಲ. ಗೌಡರೂ ಬದುವಿನ ಮೇಲೆಯೇ ಇದ್ದರು.

"ಬಾರೋ ಉಜ್ಜಪ್ಪ, ನಿನ್ನ ಹಾದೀನೇ ಕಾಯ್ತಿದ್ದೆ. ಇಲ್ಲೊಂದು ವಾರ ಕುರಿ ನಿಲ್ಸು. ಹೊಸಾ ನೆಲ, ಗೊಬ್ಬರ ಬೀಳ್ಬೇಕು. ಅದಕ್ಕೆ ಕೂಲಿ ಭತ್ತ ಅಳದು ಕೊಡಸ್ತೀನಿ."

"ಹುಲ್ಲೆಲ್ಲೈತ್ರಿ ಗೌಡ್ರೆ?"

"ಹುಲ್ಲೇನು, ಮಳಿ ಬಂದ್ರೆ ಎಲ್ಲಾ ಕಡಿ ಬರ್ತೈತಿ. ಖಾಲಿ ಬಿದ್ದಿತ್ತು, ಉತ್ತೆ."

"ಖಾಲಿ ಬಿಡ್ಸಿದೋರು ಯಾರ್ರಿ?"

"ನೀವೇ ಅಲ್ಲೇನಪ್ಪ. ಒಬ್ರೂ ಕಾಲಿಡ್ಲಿಲ್ಲ. ಭಾಳ ನಿಯತ್ತಿನ ಮಂದಿ."

ಗೌಡರು ನಕ್ಕರು. ಎಲೆಯಡಿಕೆಯ ರಸ ಗದ್ದಕ್ಕಿಳಿಯಿತು. ಉಜ್ಜಪ್ಪ ಅವರನ್ನೇ ನೋಡಿದ. ಅಂಜನಾಪುರದ ನಾಲೆಯ ನೀರುಣ್ಣುವ ಗದ್ದೆಗಳಿದ್ದ ಮನುಷ್ಯ ಇವನು. ಕುರಿಯ ಬಾಯಿಂದ ಹುಲ್ಲು ಕಿತ್ತು, ಈಗ ಅದೇ ಕುರಿಯ ಹಿಕ್ಕೆ ಕೇಳುತ್ತಿದ್ದಾನೆ.

ಹಿಂಡು ಮಾತ್ರ ಉತ್ತ ನೆಲಕ್ಕೆ ಮೂತಿಯಿಟ್ಟು ಒಣಬೇರು ಎಳೆಯುತ್ತಿತ್ತು. ಉಜ್ಜಪ್ಪ ಹಿಂದಿರುಗಿ ಹೋಗಿ ಕೋಲೊಂದನ್ನು ಕಿತ್ತು ತಂದ. ಜಟ್ಟಪ್ಪನ ಕಾಲ ಮುಂದೆ, ಅವನದೇ ಹೊಲದ ಬದುವಿನಲ್ಲಿ ಊರಿದ.

"ಇದೇನೋ?"

"ನಿಮ್ಮ ಹೊಲಕ್ಕೂ ಕಟ್ಟು ಬಿತ್ತು ಗೌಡ್ರೆ. ಇನ್ನು ಕುರಿ ಬರಂಗಿಲ್ಲ. ಗೊಬ್ಬರ ಬೇಕಂದ್ರೆ ನೀವೇ ಕುಂದರ್ರಿ."

ಆ ವರ್ಷ ಯಾವ ಕುರಿಗಾರನೂ ಆ ಕೋಲು ದಾಟಲಿಲ್ಲ. ಹುಲ್ಲೂ ಮರಳಲಿಲ್ಲ. ಉಜ್ಜಪ್ಪ ಹಿಂಡನ್ನು ಸೊರಬದ ಕಡೆಗೆ ಹೊಡೆದ. ದಾರಿಯಲ್ಲಿ ಎಲ್ಲಿ ಸೂಡಿ ಕಟ್ಟಿದ ಕೋಲು ಕಂಡರೂ ಹಿಂಡನ್ನು ಹೊರಗೇ ನಿಲ್ಲಿಸುತ್ತಿದ್ದ. ಆದರೆ ತಾನೊಬ್ಬನೇ ಒಳಹೊಕ್ಕು, ಹುಲ್ಲಿನಾಚೆ ಏನಿದೆಯೆಂದು ನೋಡಿ ಬರುತ್ತಿದ್ದ.