ಹಗ್ಗದ ತುದಿಯ ಗಂಟು

ತಗಡನ್ನು ನಮ್ಮ ಬೆಟ್ಟ ಹತ್ತುವ ಕ್ಲಬ್ಬಿನ ಗುರು ಸಾಗಿನ್ ಅಣ್ಣನವರೇ ಮಾಡಿಸಿ ತಂದಿದ್ದರು. ಎರಡು ಅಂಗೈ ಜೋಡಿಸಿದಷ್ಟು ಅಗಲ, ನಾಲ್ಕು ಮೂಲೆಗೂ ತೂತು. ಮೇಲೆ ನನ್ನ ತಮ್ಮ ಮಿರ್ಲಾನನ ಹೆಸರು, ಅದರ ಕೆಳಗೆ: 'ಬೆಟ್ಟ ತನ್ನ ಮಗನನ್ನು ಕರೆದುಕೊಂಡಿತು.'

ಬೆಟ್ಟ ಯಾರನ್ನೂ ಕರೆದಿರಲಿಲ್ಲ. ಹೋದ ಬೇಸಿಗೆಯಲ್ಲಿ ಅವನು ಇದೇ ಬಂಡೆಗೋಡೆಯಲ್ಲಿ ಹಗ್ಗ ಹಿಡಿದು ಇಳಿಯುತ್ತಿದ್ದ. ಹಗ್ಗ ಮುಗಿದದ್ದು ತಿಳಿಯದೆ ಅದರ ತುದಿಯಿಂದಲೇ ಜಾರಿ ಹೋದ. ತುದಿಗೆ ಗಂಟು ಇದ್ದಿದ್ದರೆ ಅದು ಹಗ್ಗ ಹಾಯುವ ಸೊಂಟದ ಲೋಹದ ಬಳೆಗೆ ಬಂದು ಸಿಕ್ಕಿಕೊಂಡು ಅವನನ್ನು ನಿಲ್ಲಿಸುತ್ತಿತ್ತು. ನಮ್ಮ ಕ್ಲಬ್ಬಿನಲ್ಲಿ ಗಂಟು ಹಾಕುವ ಪದ್ಧತಿಯಿಲ್ಲ. ಸಾಗಿನ್ ಅಣ್ಣನವರ ಗುರುಗಳು ಹಾಕುತ್ತಿರಲಿಲ್ಲ, ಅವರೂ ಹಾಕುವುದಿಲ್ಲ, ಅವರ ಕೈಕೆಳಗೆ ಕಲಿತ ನಾವ್ಯಾರೂ ಹಾಕುವುದಿಲ್ಲ.

ಅವನು ಹೋಗಿ ವರ್ಷ ತುಂಬಿದ ದಿನ ತಗಡನ್ನು ಬಂಡೆಗೆ ಬಡಿಯಲು ಸಾಗಿನ್ ಅಣ್ಣ, ನಾನು ಇಬ್ಬರೇ ಹೊರಟೆವು. ಅಮ್ಮ ಬೆಳಿಗ್ಗೆ ಎಣ್ಣೆ ಕಾಯಿಸಿ ಬೊರ್ಸೊಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದಿದ್ದಳು. ಆ ವಾಸನೆ ತೀರಿಹೋದವರಿಗೆ ತಲುಪುತ್ತದೆ. ಒಂದು ಪೊಟ್ಟಣ ನನ್ನ ಚೀಲದಲ್ಲೂ ಇತ್ತು. ಹಿಂಬದಿಯ ಸುಲಭದ ದಾರಿಯಲ್ಲಿ ಹತ್ತಿ ತುದಿ ಮುಟ್ಟಿದೆವು. ಮಿರ್ಲಾನ್ ಇಳಿದು ಮುಟ್ಟಬೇಕಿದ್ದ, ಕಾಲೂರಲು ಜಾಗವಿರುವ ಬಂಡೆಯ ಕಟ್ಟೆ ಅಲ್ಲಿಂದ ಒಂದು ಇಳಿತದಷ್ಟು ಕೆಳಗೆ, ಹೊರಚಾಚಿದ ಬಂಡೆಯ ಮರೆಯಲ್ಲಿ. ಮೇಲಿನಿಂದ ಕಾಣುವುದಿಲ್ಲ.

ಸಾಗಿನ್ ಅಣ್ಣ ಹಗ್ಗವನ್ನು ಬಂಡೆಗೆ ಹೊಡೆದಿದ್ದ ಗೂಟದ ಉಂಗುರದಲ್ಲಿ ತೂರಿಸಿ, ಹಗ್ಗದ ನಡು ತೋರಿಸುವ ಕಪ್ಪು ಗುರುತಿನವರೆಗೆ ಎಳೆದು, ಎರಡೂ ತುದಿಗಳನ್ನು ಕೆಳಗೆಸೆದರು.

"ಗಂಟು?" ಅಂದೆ.

"ಶುರುವಾಯ್ತಾ ನಿಂದು," ಅಂದರು. "ಗಂಟು ಹಾಕಿದ್ರೆ ಬಿರುಕಲ್ಲಿ ಸಿಕ್ಕೊಳತ್ತೆ. ಆಮೇಲೆ ಹಗ್ಗ ಬಿಡಿಸೋಕೆ ನಿಮ್ಮಜ್ಜ ಬರ್ತಾನಾ?"

"ಕೆಳಗೆ ತಲುಪಿದ ಮೇಲೆ ಗಂಟು ಬಿಚ್ಚಿ ಹಗ್ಗ ಕೆಳಗೆಳೆಯೋದು."

"ಬುರುಲ್, ನೀನು ಮನೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡೋಳು. ಈ ಬೆಟ್ಟ ನಿನ್ನ ಮನೆ ಬಾಗಿಲಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಕೋಪ ಬಂದಾಗೆಲ್ಲ ನನಗೆ ಮೊದಲು ಅನುಮಾನ ಬರುವುದು ನನ್ನ ಮೇಲೇ. ನಾನು ಹುಟ್ಟುವ ಮೊದಲೇ ಹತ್ತಲು ಶುರು ಮಾಡಿದವರಿಗೆ ನಾನೇನು ಹೇಳುವುದು ಅಂದುಕೊಳ್ಳುತ್ತೇನೆ. ಆದರೆ ಚೀಲದಲ್ಲಿ ಆ ತಗಡು ನನ್ನ ಬೆನ್ನಿಗೆ ಒತ್ತುತ್ತಿತ್ತು.

"ಗಂಟಿಲ್ಲದೆ ಯಾರೂ ಇಳಿಯಲ್ಲ," ಅಂದೆ.

"ನನಗೆ ಹೇಳ್ತಿದ್ದೀಯಾ?"

"ನಿಮಗೇ. ಇನ್ನೊಬ್ಬರ ತಾಯಿ ಎಣ್ಣೆ ಕಾಯಿಸೋದು ಬೇಡ. ನಿಮ್ಮ ಹೆಂಡತೀನೂ ಬೇಡ."

ಅವರ ಮುಖ ಕೆಂಪಾಯಿತು. ನಾನು ಕಾಯಲಿಲ್ಲ. ಎರಡೂ ತುದಿಗಳನ್ನು ಮೇಲಕ್ಕೆಳೆದು, ಒಂದೊಂದಕ್ಕೂ ದಪ್ಪ ಗಂಟು ಹಾಕಿ ಬಿಗಿದು ಮತ್ತೆ ಎಸೆದೆ.

"ಸಮಾಧಾನ ಆಯ್ತಾ, ಅಜ್ಜಿ?" ಅಂದರು. "ಅದಕ್ಕೆ ಒಂದು ಟೋಪಿನೂ ಹೊಲಿದು ಹಾಕು."

ಭಾರದವರು ಮೊದಲು, ಹಗುರದವರು ಕೊನೆಗೆ. ಮೊದಲನೆಯವರು ಇಳಿಯುವಾಗ ಇನ್ನೊಂದು ಗೂಟಕ್ಕೂ ಆಸರೆಯ ಪಟ್ಟಿ ಕಟ್ಟಿರುತ್ತೇವೆ. ಕೊನೆಯವರು ಅದನ್ನು ಬಿಚ್ಚಿಕೊಂಡು ಇಳಿಯುತ್ತಾರೆ. ನಾನು ಯಾವಾಗಲೂ ಕೊನೆ. ಸಾಗಿನ್ ಅಣ್ಣ ಹಗ್ಗದ ಎರಡೂ ಎಳೆಗಳನ್ನು ಬಳೆಗೆ ಹಾಕಿಕೊಂಡು, ಹಿಂದಕ್ಕೆ ವಾಲಿ, ಹೊರಚಾಚಿದ ಬಂಡೆಯ ಅಂಚು ದಾಟಿ ಮರೆಯಾದರು.

ಹಗ್ಗ ಬಿಗಿಯಾಗಿಯೇ ಇತ್ತು. ಅವರು ಇಳಿಯುತ್ತಿದ್ದಂತೆ ಸ್ವಲ್ಪ ಹೊತ್ತು ಅದುರಿತು. ಆಮೇಲೆ ನಿಂತಿತು. ಆದರೆ ಸಡಿಲವಾಗಲಿಲ್ಲ. ಕಟ್ಟೆಗೆ ಕಾಲಿಟ್ಟಿದ್ದರೆ ಸಡಿಲವಾಗಬೇಕಿತ್ತು.

"ತಲುಪಿದ್ರಾ?" ಎಂದು ಕೂಗಿದೆ.

ಬಹಳ ಹೊತ್ತಾದ ಮೇಲೆ ಕೆಳಗಿನಿಂದ ದನಿ ಬಂತು. "ನಿನ್ನ ಸುಡುಗಾಡು ಗಂಟು ಬಳೇಲಿ ಸಿಕ್ಕೊಂಡಿದೆ."

"ಕಟ್ಟೆ ಎಲ್ಲಿದೆ?"

"ಕೆಳಗಿದೆ."

"ಎಷ್ಟು ಕೆಳಗೆ?"

"ಆಳೆತ್ತರಕ್ಕೂ ಜಾಸ್ತಿ. ಒಂದು ಎಳೆ ಗಿಡ್ಡ ಆಗಿದೆ."

ಆಗ ನಾನು ಉಂಗುರದ ಹತ್ತಿರದ ಕಪ್ಪು ಗುರುತನ್ನು ನೋಡಿದೆ. ಈ ಸಲದ ವಸಂತದಲ್ಲಿ ಕಲ್ಲು ಬಿದ್ದು ಈ ಹಗ್ಗದ ಒಂದು ತುದಿ ಕತ್ತರಿಸಿತ್ತು. ಸಾಗಿನ್ ಅಣ್ಣ ಕೆಟ್ಟ ತುಂಡನ್ನು ಕೊಯ್ದು, ತುದಿಯನ್ನು ಬೆಂಕಿಗೆ ಹಿಡಿದು ಮುಚ್ಚಿ, ಹಗ್ಗವನ್ನು ಮತ್ತೆ ಕ್ಲಬ್ಬಿನ ಕೊಕ್ಕೆಗೆ ನೇತುಹಾಕಿದ್ದರು. ನಡುವಿನ ಗುರುತು ಮಾತ್ರ ಹಳೆಯ ಜಾಗದಲ್ಲೇ ಉಳಿದಿತ್ತು. ಹಗ್ಗ ಚಿಕ್ಕದಾದರೆ ನಡುವೂ ಸರಿಯುತ್ತದೆ. ಕೊಯ್ದವರು ಅವರೇ, ಗುರುತು ನೋಡಿ ಎಳೆದವರೂ ಅವರೇ. ಮಿರ್ಲಾನ್ ಇಳಿದ ಹಗ್ಗವೂ ಹೀಗೇ ಕೊಯ್ದದ್ದೇ?

"ಪಕ್ಕದಲ್ಲಿ ಬಿರುಕಿದ್ಯಾ?" ಎಂದು ಕೂಗಿದೆ. "ಗೂಟ ಹೊಡೆದು ಅದಕ್ಕೆ ಕೊಂಡಿ ಹಾಕ್ಕೊಳ್ಳಿ. ಆಮೇಲೆ ಹೇಳಿ."

ಸುತ್ತಿಗೆಯ ಸದ್ದು ಕೇಳಿಸಿತು. ಮೊದಲು ಮಂಕಾಗಿ, ಆಮೇಲೆ ಗಂಟೆಯ ಹಾಗೆ. ಒಳ್ಳೆಯ ಗೂಟ ಹಾಗೇ ಹಾಡುತ್ತದೆ. ಹಗ್ಗ ಸಡಿಲವಾಯಿತು. "ಬಳೆಯಿಂದ ಹಗ್ಗ ಬಿಚ್ಚಿದೀನಿ" ಅಂದರು. ನಾನು ಉದ್ದದ ಎಳೆಯನ್ನು ಮೇಲಕ್ಕೆಳೆದು, ಗಿಡ್ಡದ ಕಡೆಗೆ ಬಿಟ್ಟು, ತುದಿಗಳೆರಡೂ ಸಮವಾಗುವವರೆಗೆ ಸರಿಸಿದೆ. ಅವರು ಹಗ್ಗವನ್ನು ಮತ್ತೆ ಬಳೆಗೆ ಹಾಕಿ ಉಳಿದಷ್ಟನ್ನು ಇಳಿದರು.

ಆಸರೆಯ ಪಟ್ಟಿ ಬಿಚ್ಚಿಕೊಂಡು ನಾನೂ ಇಳಿದೆ. ಕಟ್ಟೆ ಓರೆಯಾಗಿತ್ತು, ತುಂಬಾ ಸಡಿಲ ಕಲ್ಲು. ಬಿದ್ದವರು ಅಲ್ಲಿ ನಿಲ್ಲುವುದಿಲ್ಲ, ಮಿರ್ಲಾನನೂ ನಿಂತಿರಲಿಲ್ಲ. ಸಾಗಿನ್ ಅಣ್ಣ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದರು.

"ಬೆಟ್ಟ ಇವತ್ತು ನನ್ನ ಬಿಟ್ಟುಬಿಡ್ತು," ಅಂದರು.

ಅಷ್ಟು ಹೊತ್ತು ತಡೆದದ್ದೆಲ್ಲ ಆ ಒಂದು ಮಾತಿಗೆ ಒಡೆಯಿತು.

"ಬೆಟ್ಟ ಅಲ್ಲ," ಅಂದೆ. "ಗಂಟು. ನಾನು ಹಾಕಿದ್ದು. ನೀವು ನಕ್ಕಿದ್ದು."

ಅವರು ತಗಡು ಕೊಡು ಎಂದು ಕೈ ಚಾಚಿದರು. ನಾನು ಕೊಡಲಿಲ್ಲ. ಅದನ್ನು ಮಗುಚಿ ಬಂಡೆಯ ಮೇಲಿಟ್ಟು, ಅವರ ಸುತ್ತಿಗೆಯನ್ನೂ ಉಳಿಯನ್ನೂ ತೆಗೆದುಕೊಂಡು, ಬರಿದಾಗಿದ್ದ ಹಿಂಬದಿಗೆ ಚುಕ್ಕೆ ಚುಕ್ಕೆಯಾಗಿ ಹೊಡೆಯತೊಡಗಿದೆ. ಅಕ್ಷರ ಸೊಟ್ಟಗಾದವು. 'ಮಿರ್ಲಾನ್. ಹಗ್ಗದ ತುದಿಗೆ ಗಂಟು ಇರಲಿಲ್ಲ.'

"ನಿಮ್ಮಮ್ಮ ನೋಡಿದ್ರೆ ಎದೆ ಒಡ್ಕೋತಾಳೆ," ಅಂದರು.

"ಅಮ್ಮ ಇಲ್ಲಿಗೆ ಬರಲ್ಲ. ಹಗ್ಗದಲ್ಲಿ ಇಳಿಯೋರೇ ಇಲ್ಲಿಗೆ ಬರೋದು. ಅವರು ಓದಲಿ."

"ಕ್ಲಬ್ಬಲ್ಲಿ ಏನಂತಾರೆ?"

"ಮೊಳೆ ಹೊಡೀರಿ, ಅಣ್ಣ."

ಹೊಡೆದರು. ಬೊರ್ಸೊಕ್ ಪೊಟ್ಟಣ ಬಿಚ್ಚಿ ಅವರಿಗೂ ಕೊಟ್ಟೆ. ಹೋದವರ ಹೆಸರಿನದನ್ನು ಬೇಡ ಅನ್ನುವಂತಿಲ್ಲ. ಅವರು ಅಗಿದು ನುಂಗಿದರು. ಇಬ್ಬರೂ ಅಂಗೈ ತೆರೆದು ಪ್ರಾರ್ಥಿಸಿ ಮುಖ ಸವರಿಕೊಂಡೆವು.

ತುದಿಯ ಗಂಟುಗಳನ್ನು ಬಿಚ್ಚಿ ಹಗ್ಗ ಎಳೆದುಕೊಂಡೆ. ಎಲ್ಲೂ ಸಿಕ್ಕಿಕೊಳ್ಳದೆ ಬಂತು. ಮುಂದಿನ ಇಳಿತಕ್ಕೆ ಕಟ್ಟೆಯ ಗೂಟದ ಉಂಗುರದಲ್ಲಿ ತೂರಿಸಿ, ಕಪ್ಪು ಗುರುತನ್ನು ನಂಬದೆ ಎರಡು ತುದಿ ಜೋಡಿಸಿ ನಡು ಹುಡುಕಿದೆ. ಸಾಗಿನ್ ಅಣ್ಣ ತುದಿಗಳನ್ನು ನನ್ನ ಕಡೆಗೆ ಚಾಚಿದರು.

"ನೀವೇ ಹಾಕಿ," ಅಂದೆ.

ಹಾಕಿದರು. ನಾನು ಹಿಡಿದು ಜಗ್ಗಿ ನೋಡಿದೆ. ಒಂದು ಸಡಿಲವಾಗಿತ್ತು.

"ಬಿಚ್ಚಿ, ಮತ್ತೆ ಹಾಕಿ."